ಅನಿಮೆಯ ಆಳ, ಅಮೆರಿಕನ್ ಕಾರ್ಟೂನಿನ ಆಳ: ಮಗಳ ವಾದ ಎಷ್ಟು ಸರಿ?

ಪ್ರಶ್ನೆ: ನಾನು ತೊಂಬತ್ತರ ದಶಕದಲ್ಲಿ ಬ್ಯಾಟ್‌ಮ್ಯಾನ್, ಎಕ್ಸ್-ಮೆನ್ ಕಾರ್ಟೂನ್‌ಗಳನ್ನು ನೋಡುತ್ತಾ ಬೆಳೆದವನು. ಕಾಲೇಜಿಗೆ ಹೋಗುವ ನನ್ನ ಮಗಳು ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಅಮೆರಿಕದ ಆಕ್ಷನ್ ಕಾರ್ಟೂನ್‌ಗಳಲ್ಲಿ ಹೊಡೆದಾಟ ಬಿಟ್ಟರೆ ಏನೂ ಇಲ್ಲ, ಕಥೆ ಎಂದರೆ ಜಪಾನಿನವರದ್ದೇ ಎನ್ನುತ್ತಾಳೆ. ಅವಳ ಒತ್ತಾಯಕ್ಕೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ಪೂರ್ತಿ ನೋಡಿದೆ, ತುಂಬಾ ಇಷ್ಟವಾಯಿತು. ಆದರೂ ಅವಳ ಮಾತನ್ನು ಒಪ್ಪಲು ಮನಸ್ಸಾಗುತ್ತಿಲ್ಲ. ಜಪಾನಿನ ಕಥೆಗಳಿಗೆ ನಿಜಕ್ಕೂ ಹೆಚ್ಚು ಆಳವಿದೆಯೇ? ಇದ್ದರೆ ಅದು ಎಲ್ಲಿಂದ ಬಂತು?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ಗುರುತಿಸಿದ ವ್ಯತ್ಯಾಸ ನಿಜವಾದದ್ದೇ. ಅದಕ್ಕೆ ಅವಳು ಕೊಡುತ್ತಿರುವ ಕಾರಣವನ್ನು ಮಾತ್ರ ನಾನು ಒಪ್ಪಲಾರೆ. ಜಪಾನಿನವರಿಗೆ ಕಥೆ ಹೇಳುವುದು ರಕ್ತಗತ, ಅಮೆರಿಕದವರಿಗೆ ಅದು ಒಲಿದಿಲ್ಲ ಎಂದು ಹೇಳಿಬಿಟ್ಟರೆ ಏನೂ ಅರ್ಥವಾಗುವುದಿಲ್ಲ. ಕಥೆಗೆ ಹಣ ಹಾಕಿದವರು ಯಾರು, ಅದನ್ನು ಯಾರ ಮುಂದೆ ಯಾವ ಹೊತ್ತಿನಲ್ಲಿ ಬಿತ್ತರಿಸಿದರು ಎಂದು ಕೇಳಿದರೆ ಚಿತ್ರ ಸ್ಪಷ್ಟವಾಗುತ್ತಾ ಹೋಗುತ್ತದೆ. ಅನಿಮೇಷನ್ ಕಥೆಗಳನ್ನು ತೂಗುವಾಗ ನಾನು ಮೊದಲು ನೋಡುವುದು ಒಂದೇ ಒಂದು ಸಂಗತಿ: ನಿನ್ನೆ ನಡೆದದ್ದನ್ನು ಇಂದು ನೆನಪಿಟ್ಟುಕೊಳ್ಳಲು ಈ ಕಥೆಗೆ ಅವಕಾಶವಿದೆಯೇ? ಪಾತ್ರ ಮಾಡಿದ ತಪ್ಪು, ಅನುಭವಿಸಿದ ಸಾವು, ಕೊಟ್ಟ ಮಾತು ಮುಂದಿನ ಕಂತಿನಲ್ಲಿ ಅದರ ಹೆಗಲ ಮೇಲೆ ಕುಳಿತಿರುತ್ತದೆಯೇ? ನಿಮ್ಮ ಮಗಳು ಆಳ ಎಂದು ಕರೆಯುತ್ತಿರುವುದು ಬಹುಮಟ್ಟಿಗೆ ಇದನ್ನೇ ಎಂದು ನನ್ನ ಊಹೆ.

ಅಮೆರಿಕದಲ್ಲಿ ಈ ಅವಕಾಶವನ್ನು ಕಿತ್ತುಕೊಂಡದ್ದು ಒಂದು ವ್ಯಾಪಾರಿ ಲೆಕ್ಕ. ಎಂಬತ್ತರ ದಶಕದಲ್ಲಿ ಅಲ್ಲಿನ ಕಾರ್ಟೂನ್‌ಗಳನ್ನು ಊರೂರಿನ ಸ್ಥಳೀಯ ವಾಹಿನಿಗಳಿಗೆ ಮಾರುತ್ತಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು, ಹದಿಮೂರು ವಾರಗಳಿಗೆ 65 ಕಂತು. ಅದು ಮುಗಿದರೆ ಮತ್ತೆ ಮೊದಲಿನಿಂದ. ಯಾವ ಊರಿನ ವಾಹಿನಿ ಯಾವ ಕಂತನ್ನು ಯಾವಾಗ ಹಾಕುತ್ತದೆಂದು ಯಾರೂ ಖಾತರಿ ಕೊಡುವಂತಿರಲಿಲ್ಲ. ಶಾಲೆಯಿಂದ ಬಂದ ಮಗು ಯಾವ ದಿನ ಟೀವಿ ಹಾಕಿದರೂ ಕಥೆ ತಿಳಿಯಬೇಕು. ಅಂದಮೇಲೆ ಪ್ರತಿ ಕಂತಿನ ಕೊನೆಗೂ ಎಲ್ಲರೂ ಹೊರಟ ಜಾಗಕ್ಕೇ ಮರಳಿರಬೇಕು: ಖಳ ತನ್ನ ಕೋಟೆಗೆ, ನಾಯಕ ತನ್ನ ಅರಮನೆಗೆ.

ಅದರ ಮೇಲೆ ಆಟಿಕೆ ಕಂಪನಿಗಳು ಬಂದವು. 1983ರ ‘ಹೀ-ಮ್ಯಾನ್’ ಮ್ಯಾಟೆಲ್‌ನ ಬೊಂಬೆಗಳಿಗಾಗಿ ಹುಟ್ಟಿದ ಸರಣಿ. ಮಕ್ಕಳ ಕಾರ್ಯಕ್ರಮಗಳ ನಡುವಿನ ಜಾಹೀರಾತಿಗೆ ಇದ್ದ ಮಿತಿಯನ್ನು ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ 1984ರಲ್ಲಿ ತೆಗೆದುಹಾಕಿತು. ‘ಟ್ರಾನ್ಸ್‌ಫಾರ್ಮರ್ಸ್’, ‘ಜಿ.ಐ. ಜೋ’ ಸಾಲುಸಾಲಾಗಿ ಬಂದದ್ದು ಆ ಹೊತ್ತಿನಲ್ಲೇ. ‘ಜಿ.ಐ. ಜೋ’ದಲ್ಲಿ ಗುಂಡುಗಳ ಬದಲು ಲೇಸರ್ ಕಿರಣಗಳು. ವಿಮಾನ ಉರಿದು ಬಿದ್ದರೆ ಚಾಲಕ ಪ್ಯಾರಾಚೂಟ್ ಬಿಚ್ಚಿ ಇಳಿಯುವುದನ್ನು ತೋರಿಸಲೇಬೇಕು. ಅದು ಯಾರೂ ಸಾಯದ ಯುದ್ಧ. 1986ರ ಟ್ರಾನ್ಸ್‌ಫಾರ್ಮರ್ಸ್ ಚಲನಚಿತ್ರದಲ್ಲಿ ನಾಯಕ ರೋಬೋಟ್ ಆಪ್ಟಿಮಸ್ ಪ್ರೈಮ್ ಸತ್ತಾಗ ಚಿತ್ರಮಂದಿರಗಳಲ್ಲಿ ಮಕ್ಕಳು ಅತ್ತದ್ದು ಪ್ರಸಿದ್ಧ ಸಂಗತಿ. ಆ ಸಾವು ಬಂದದ್ದೂ ಕಥೆಯ ಒತ್ತಡದಿಂದಲ್ಲ. ಹಳೆಯ ಬೊಂಬೆಗಳನ್ನು ಸರಿಸಿ ಹೊಸ ಬೊಂಬೆಗಳಿಗೆ ಜಾಗ ಮಾಡಬೇಕಿತ್ತು. ಮಕ್ಕಳ ಅಳು ಮಾತ್ರ ನಿಜವಾದದ್ದು. ತಮ್ಮ ಕಥೆ ಏನನ್ನಾದರೂ ನೆನಪಿಟ್ಟುಕೊಳ್ಳಲಿ ಎಂಬ ಹಸಿವು ಅಮೆರಿಕದ ಮಕ್ಕಳಿಗೂ ಇತ್ತು ಎನ್ನುವುದಕ್ಕೆ ಆ ಅಳುವನ್ನೇ ನಾನು ಸಾಕ್ಷಿಯಾಗಿ ಹಿಡಿಯುತ್ತೇನೆ.

ಈ 65ರ ಲೆಕ್ಕ ಎಷ್ಟು ಬಿಗಿಯಾಗಿತ್ತೆಂದರೆ ಜಪಾನಿನ ಕಥೆಗಳೂ ಅಮೆರಿಕಕ್ಕೆ ಬಂದಾಗ ಅದಕ್ಕೆ ತಲೆಬಾಗಬೇಕಾಯಿತು. ‘ಮ್ಯಾಕ್ರಾಸ್’ ಎಂಬ ಜಪಾನೀ ಸರಣಿಗೆ ಇದ್ದದ್ದು 36 ಕಂತು. ವಾರದ ಐದು ದಿನದ ಪ್ರಸಾರಕ್ಕೆ ಅದು ಸಾಲದು. ಅದಕ್ಕೆ ಸಂಬಂಧವೇ ಇಲ್ಲದ ಇನ್ನೆರಡು ಸರಣಿಗಳನ್ನು ಹೊಲಿದು, ಮೂರನ್ನೂ ಮೂರು ತಲೆಮಾರುಗಳ ಒಂದೇ ಕಥೆ ಎಂಬಂತೆ ಸಂಭಾಷಣೆ ಬರೆದು, 1985ರಲ್ಲಿ ‘ರೋಬೋಟೆಕ್’ ಎಂಬ 85 ಕಂತುಗಳ ಸರಣಿ ಮಾಡಿದರು. ಹೊಲಿಗೆ ಕಣ್ಣಿಗೆ ಕಾಣುತ್ತದೆ. ಆದರೂ ಅದರಲ್ಲಿ ಪಾತ್ರಗಳು ಸಾಯುತ್ತಿದ್ದವು, ಉಳಿದವರು ದುಃಖಿಸುತ್ತಿದ್ದರು. ಆ ಕಾಲದ ಅಮೆರಿಕನ್ ಹುಡುಗರು ಅದನ್ನು ಇಂದಿಗೂ ಮರೆತಿಲ್ಲ.

ಹಾಗಾದರೆ ಜಪಾನಿನಲ್ಲಿ ಆಟಿಕೆ ಕಂಪನಿಗಳು ಇರಲಿಲ್ಲವೇ? ಧಾರಾಳವಾಗಿ ಇದ್ದವು. ಯೋಶಿಯುಕಿ ತೊಮಿನೊ ನಿರ್ದೇಶಿಸಿದ ‘ಮೊಬೈಲ್ ಸೂಟ್ ಗುಂಡಮ್’ 1979ರಲ್ಲಿ ಶುರುವಾದಾಗ ಅದರ ಪ್ರಾಯೋಜಕ ಕ್ಲೋವರ್ ಎಂಬ ಆಟಿಕೆ ಕಂಪನಿ. ಮಕ್ಕಳು ಕೊಳ್ಳುವಂಥ ದೈತ್ಯ ರೋಬೋಟ್ ಬೇಕೆಂಬುದೇ ಅವರ ಬೇಡಿಕೆ. ವೀಕ್ಷಕರ ಸಂಖ್ಯೆ ಕಡಿಮೆಯಾಯಿತೆಂದು 52 ಕಂತು ಆಗಬೇಕಿದ್ದದ್ದನ್ನು 43ಕ್ಕೆ ಮೊಟಕುಗೊಳಿಸಿದರು. ಅಲ್ಲಿಗೆ ಗುಂಡಮ್ ಕಥೆ ಮುಗಿಯಬೇಕಿತ್ತು. ಆದರೆ ಮರುಪ್ರಸಾರದಲ್ಲಿ ಹೈಸ್ಕೂಲು, ಕಾಲೇಜಿನ ಹುಡುಗರು ಅದನ್ನು ಹಿಡಿದುಕೊಂಡರು. 1980ರಲ್ಲಿ ಬಂಡೈ ಎಂಬ ಕಂಪನಿ ತಂದ ಪ್ಲಾಸ್ಟಿಕ್ ಮಾದರಿಗಳು ಭರ್ಜರಿಯಾಗಿ ಮಾರಾಟವಾದವು. ಕೈಯಲ್ಲಿ ಕಾಸಿರುವ, ವಯಸ್ಸಿಗೆ ಬಂದ ನೋಡುಗರು ಇದ್ದಾರೆಂದು ಉದ್ಯಮಕ್ಕೆ ಮನವರಿಕೆಯಾಯಿತು. ಅಲ್ಲಿಯೂ ಅಂಗಡಿ ಇತ್ತು, ಆದರೆ ಆ ಅಂಗಡಿಗೆ ಬರುವ ಗಿರಾಕಿಯ ವಯಸ್ಸು ಏರಿತು. ಜಪಾನಿನ ಮುಂದಿನ ನಲವತ್ತು ವರ್ಷದ ಕಥೆಗಳ ಸ್ವರೂಪಕ್ಕೆ ಇದು ದೊಡ್ಡ ಕಾರಣ.

ಗುಂಡಮ್‌ನ ಹದಿಮೂರನೆಯ ಕಂತನ್ನು ನೀವು ನೋಡಬೇಕು. ನಾಯಕ ಅಮುರೊ ರೇ ಹದಿನೈದರ ಹುಡುಗ, ಆಕಸ್ಮಿಕವಾಗಿ ಯುದ್ಧಯಂತ್ರವೊಂದರ ಚಾಲಕನಾದವನು. ವರ್ಷಗಳ ಮೇಲೆ ಊರಿಗೆ ಬರುತ್ತಾನೆ. ಹುಟ್ಟಿದ ಮನೆಯಲ್ಲಿ ತನ್ನದೇ ಪಕ್ಷದ ಕುಡುಕ ಸೈನಿಕರು ಬೀಡುಬಿಟ್ಟಿದ್ದಾರೆ. ತಾಯಿ ನಿರಾಶ್ರಿತರ ಶಿಬಿರದಲ್ಲಿ ಸೇವೆ ಮಾಡುತ್ತಿದ್ದಾಳೆ. ಶತ್ರು ಸೈನಿಕರು ತಪಾಸಣೆಗೆ ಬಂದಾಗ ಅವನು ರೋಗಿಯಂತೆ ಹಾಸಿಗೆಯಲ್ಲಿ ಮಲಗುತ್ತಾನೆ. ಸಿಕ್ಕಿಬೀಳುವ ಕ್ಷಣದಲ್ಲಿ ಹೊದಿಕೆಯ ಒಳಗಿನಿಂದಲೇ ಗುಂಡು ಹಾರಿಸುತ್ತಾನೆ. ಇಷ್ಟು ದಿನ ಅವನು ಕೊಂದದ್ದೆಲ್ಲ ಯಂತ್ರಗಳನ್ನು, ಅಥವಾ ಯಂತ್ರದೊಳಗೆ ಕಾಣದೆ ಕುಳಿತವರನ್ನು. ಈಗ ಮುಖವಿರುವ ಒಬ್ಬ ಮನುಷ್ಯ ತಾಯಿಯ ಕಣ್ಣೆದುರು ಬೀಳುತ್ತಾನೆ. ಮಗ ಬದುಕಿದನೆಂದು ತಾಯಿ ಸಂತೋಷಪಡುವುದಿಲ್ಲ. ಅವನಿಗೂ ಮಕ್ಕಳಿರಬಹುದು ಎನ್ನುತ್ತಾಳೆ, ಮಗನನ್ನು ಕಂಡು ಹಿಂಜರಿಯುತ್ತಾಳೆ. ನಿನಗೆ ನನ್ನ ಮೇಲೆ ಪ್ರೀತಿಯಿಲ್ಲವೇ, ಇದು ಯುದ್ಧ ಎಂದು ಅವನು ಕೂಗುತ್ತಾನೆ. ಬೀಳ್ಕೊಡುವಾಗ ಅವನು ತಾಯಿಗೆ ಸೈನಿಕನಂತೆ ಸೆಲ್ಯೂಟ್ ಹೊಡೆದು ಹೊರಟುಹೋಗುತ್ತಾನೆ, ಅವಳು ನೆಲಕ್ಕೆ ಕುಸಿದು ಅಳುತ್ತಾಳೆ.

ಚಿತ್ರಗಳು ಒರಟು, ಚಲನೆ ಕಡಿಮೆ, ಬಣ್ಣ ಅಗ್ಗದ್ದು. ಆದರೆ ಆ ಗುಂಡಿನ ಸದ್ದು ಕಂತಿನ ಕೊನೆಗೆ ಅಳಿಸಿಹೋಗುವುದಿಲ್ಲ. ಕೆಲವೇ ಕಂತುಗಳ ನಂತರ ಅವನು ಆ ಯಂತ್ರದ ಸಮೇತ ಹಡಗು ಬಿಟ್ಟು ಓಡಿಹೋಗುತ್ತಾನೆ. ಯಾಕೆ ಎಂದು ನಮಗೆ ಯಾರೂ ವಿವರಿಸಬೇಕಾಗುವುದಿಲ್ಲ.

ಎರಡನೆಯ ಕಾರಣ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್. ಬಹುಪಾಲು ಆಕ್ಷನ್ ಅನಿಮೆಗಳ ಬೇರು ಇರುವುದು ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುವ ಚಿತ್ರಕಥೆಗಳಲ್ಲಿ. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ತೊಂಬತ್ತರ ದಶಕದ ನಡುವಿನಲ್ಲಿ ವಾರಕ್ಕೆ 65 ಲಕ್ಷ ಪ್ರತಿಗಳ ಎತ್ತರ ಮುಟ್ಟಿತ್ತು. ಓದುಗರು ಕಾರ್ಡಿನಲ್ಲಿ ತಮಗೆ ಇಷ್ಟವಾದ ಕಥೆಗಳನ್ನು ಬರೆದು ಕಳಿಸುತ್ತಾರೆ. ಓದುಗರಿಲ್ಲದ ಕಥೆಗೆ ಕೆಲವೇ ವಾರಗಳಲ್ಲಿ ಮಂಗಳ ಹಾಡುತ್ತಾರೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಾಗಿ ಕಾದು ಕುಳಿತ ತಲೆಮಾರಿಗೆ ಈ ತಹತಹ ಏನೆಂದು ಗೊತ್ತು. ಕಥೆ ಒಬ್ಬನೇ ಲೇಖಕನ ತಲೆಯಿಂದ ಬರುತ್ತದೆ, ವಾರ ವಾರವೂ ಮುಂದಕ್ಕೆ ಸಾಗಬೇಕು. ಓದುಗ ಹಿಂದಿನದನ್ನು ಓದಿರುತ್ತಾನೆಂದು ಲೇಖಕ ನಂಬಬಹುದು. ಬ್ಯಾಟ್‌ಮ್ಯಾನ್ ಯಾರೊಬ್ಬ ಬರಹಗಾರನ ಆಸ್ತಿಯೂ ಅಲ್ಲ. ಅವನು ಕಂಪನಿಯ ಸ್ವತ್ತು, ಹಾಗಾಗಿ ಅವನಿಗೆ ವಯಸ್ಸಾಗುವಂತಿಲ್ಲ, ಅವನ ಕಥೆ ಮುಗಿಯುವಂತಿಲ್ಲ. ಹಿರೊಮು ಅರಾಕಾವಾ ತಮ್ಮ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಅನ್ನು 2001ರಿಂದ 2010ರವರೆಗೆ ಮಾಸಪತ್ರಿಕೆಯೊಂದರಲ್ಲಿ ಬರೆದು, ತಾವೇ ಮುಗಿಸಿದರು. ಮೊದಲ ಅನಿಮೆ 2003ರಲ್ಲಿ ಬಂದಾಗ ಮೂಲ ಕಥೆ ಇನ್ನೂ ನಡುದಾರಿಯಲ್ಲಿತ್ತು, ಹಾಗಾಗಿ ಅದು ಬೇರೆ ದಾರಿ ಹಿಡಿಯಿತು. ನೀವು ನೋಡಿದ 64 ಕಂತುಗಳ ‘ಬ್ರದರ್‌ಹುಡ್’ ಮೂಲದ ಜೊತೆಜೊತೆಗೇ, 2010ರ ನಡುವಿನಲ್ಲಿ ಕೊನೆಗೊಂಡಿತು.

ನಿಮಗೆ ಇಷ್ಟವಾದದ್ದು ಏನೆಂದು ನೀವು ಬರೆದಿಲ್ಲ. ನನ್ನನ್ನು ಕೇಳಿದರೆ ವಿನ್ರಿ ಎಂಬ ಹುಡುಗಿ ಮತ್ತು ಸ್ಕಾರ್ ಎಂಬ ಕೊಲೆಗಾರನ ನಡುವಿನ ಎರಡು ದೃಶ್ಯಗಳನ್ನು ಹೇಳುತ್ತೇನೆ. ಯುದ್ಧದಲ್ಲಿ ಶತ್ರು ಜನಾಂಗದ ಗಾಯಾಳುಗಳಿಗೆ ಚಿಕಿತ್ಸೆ ಕೊಡುತ್ತಿದ್ದ ತನ್ನ ವೈದ್ಯ ತಂದೆ ತಾಯಿಯನ್ನು ಕೊಂದವನು ಇವನೇ ಎಂದು ತಿಳಿದಾಗ ವಿನ್ರಿ ನೆಲದ ಮೇಲಿದ್ದ ಪಿಸ್ತೂಲು ಎತ್ತಿಕೊಳ್ಳುತ್ತಾಳೆ. ಕೈ ನಡುಗುತ್ತದೆ, ಗುಂಡು ಹಾರುವುದಿಲ್ಲ. ಕಥೆ ಎಷ್ಟೋ ದೂರ ಸಾಗಿದ ಮೇಲೆ, ಹಿಮದ ಊರೊಂದರಲ್ಲಿ ಅದೇ ಸ್ಕಾರ್ ಗಾಯಗೊಂಡು ಸೆರೆಯಾಗಿರುತ್ತಾನೆ. ಅವಳು ಬಂದು ಅವನ ತೋಳಿಗೆ ಪಟ್ಟಿ ಕಟ್ಟುತ್ತಾಳೆ. ನನ್ನ ಅಪ್ಪ ಅಮ್ಮ ಇದ್ದಿದ್ದರೂ ಹೀಗೇ ಮಾಡುತ್ತಿದ್ದರು ಎಂಬುದು ಅವಳ ಕಾರಣ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡ ಎಂದೂ ಹೇಳುತ್ತಾಳೆ. ಈ ಎರಡನೆಯ ದೃಶ್ಯಕ್ಕೆ ಅಷ್ಟೊಂದು ಭಾರ ಬಂದದ್ದು ನಡುವೆ ಸರಿದ ಕಾಲದಿಂದ. ಇಪ್ಪತ್ತೆರಡು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಗಬೇಕಾದ ಕಥೆಯಲ್ಲಿ ಇದನ್ನು ಬರೆಯಲು ಎಂಥ ಪ್ರತಿಭಾವಂತನಿಗೂ ಸಾಧ್ಯವಿಲ್ಲ.

ಇಷ್ಟರ ಮಟ್ಟಿಗೆ ನಿಮ್ಮ ಮಗಳ ಪರ. ಇನ್ನು ನಿಮ್ಮ ಬ್ಯಾಟ್‌ಮ್ಯಾನ್ ಕಡೆಗೆ ಬರುತ್ತೇನೆ.

ಬ್ರೂಸ್ ಟಿಮ್ ಮತ್ತು ಎರಿಕ್ ರಡೊಮ್ಸ್ಕಿ ರೂಪಿಸಿದ 1992ರ ‘ಬ್ಯಾಟ್‌ಮ್ಯಾನ್: ದಿ ಆನಿಮೇಟೆಡ್ ಸೀರೀಸ್’ ಕೂಡ ಅದೇ 65ರ ಪೆಟ್ಟಿಗೆಯೊಳಗೆ ಹುಟ್ಟಿದ್ದು. ಮೊದಲ ಸುತ್ತಿಗೆ 65 ಕಂತು, ವಾರದ ದಿನಗಳ ಮಧ್ಯಾಹ್ನದ ಪ್ರಸಾರ, ಹಿಂದುಮುಂದಾದ ಕ್ರಮ. ಹಿನ್ನೆಲೆಗಳನ್ನು ಕಪ್ಪು ಕಾಗದದ ಮೇಲೆ ಬರೆದರು, ಬೆಳಕನ್ನು ಮಾತ್ರ ಬಣ್ಣದಿಂದ ಎತ್ತಿ ತೋರಿಸಿದರು. ಹಾಗಾಗಿಯೇ ಆ ನಗರ ಸದಾ ಕತ್ತಲಿನಿಂದ ಮೂಡಿಬಂದಂತೆ ಕಾಣುತ್ತದೆ. ಮಕ್ಕಳ ಕಾರ್ಯಕ್ರಮವಾದ್ದರಿಂದ ವಾಹಿನಿಯ ನಿಷೇಧಗಳ ಪಟ್ಟಿ ಉದ್ದವಿತ್ತು. ‘ರಾಬಿನ್ಸ್ ರೆಕನಿಂಗ್’ ಎಂಬ ಎರಡು ಭಾಗಗಳ ಕಥೆಯಲ್ಲಿ ಬಾಲಕ ರಾಬಿನ್‌ನ ತಂದೆ ತಾಯಿ ಸರ್ಕಸ್ಸಿನ ಉಯ್ಯಾಲೆಯಿಂದ ಬಿದ್ದು ಸಾಯಬೇಕು, ಬೀಳುವುದನ್ನು ತೋರಿಸುವಂತಿಲ್ಲ. ಅವರು ತೂಗುತ್ತಾ ಚೌಕಟ್ಟಿನಿಂದ ಆಚೆಗೆ ಹೋಗುತ್ತಾರೆ. ಮರಳಿ ಬರುವುದು ತುಂಡಾದ ಹಗ್ಗ ಮಾತ್ರ. ಆ ಹಗ್ಗವನ್ನು ನೋಡಿದ ಯಾವ ಮಗುವೂ ಏನಾಯಿತೆಂದು ಕೇಳಿರಲಾರದು. ಅದರ ಮೊದಲ ಭಾಗಕ್ಕೆ 1993ರಲ್ಲಿ ಎಮ್ಮಿ ಪ್ರಶಸ್ತಿ ಬಂತು.

ಪಾಲ್ ಡಿನಿ ಬರೆದ ‘ಹಾರ್ಟ್ ಆಫ್ ಐಸ್’ ಅಂತೂ ನನ್ನ ಮಟ್ಟಿಗೆ ಇಪ್ಪತ್ತೆರಡು ನಿಮಿಷದ ಕಥೆಗಾರಿಕೆಯ ಶಿಖರ. ಮಿಸ್ಟರ್ ಫ್ರೀಜ್ 1959ರಿಂದಲೂ ಕಾಮಿಕ್ಸ್‌ನಲ್ಲಿ ಇದ್ದವನು, ಹಿಮ ಉಗುಳುವ ಬಂದೂಕಿನ ಸಾಧಾರಣ ಕಳ್ಳ. ಡಿನಿ ಅವನಿಗೆ ನೋರಾ ಎಂಬ ಹೆಂಡತಿಯನ್ನು ಕೊಟ್ಟರು. ಗುಣವಾಗದ ಕಾಯಿಲೆ, ಮದ್ದು ಸಿಗುವವರೆಗೆ ಅವಳನ್ನು ಹಿಮದಲ್ಲಿ ಕಾಪಾಡಿಟ್ಟಿದ್ದ ವಿಜ್ಞಾನಿ ಗಂಡ. ಖರ್ಚು ಹೆಚ್ಚಾಯಿತೆಂದು ಆ ಯಂತ್ರವನ್ನು ನಿಲ್ಲಿಸಿದ ಕಂಪನಿಯ ಮಾಲೀಕನಿಗೆ ಈಗ ಮಾನವೀಯತೆಯ ಪ್ರಶಸ್ತಿ ಸಿಗುತ್ತಿದೆ! ಕಂತು ಶುರುವಾಗುವುದು ಗಾಜಿನ ಗೋಳದೊಳಗೆ ಕುಣಿಯುವ ಪುಟ್ಟ ನರ್ತಕಿಯಿಂದ, ಮುಗಿಯುವುದು ಅದೇ ನರ್ತಕಿಯನ್ನು ಹಿಡಿದು ಸೆರೆಮನೆಯಲ್ಲಿ ಹೆಂಡತಿಯ ಕ್ಷಮೆ ಕೇಳುವ ಫ್ರೀಜ್‌ನಿಂದ. ಸೋತವನು ಅವನು, ಗೆದ್ದ ಬ್ಯಾಟ್‌ಮ್ಯಾನ್‌ಗೂ ಖುಷಿಯಿಲ್ಲ. ಒಂದು ಸಣ್ಣ ಕಥೆಗೆ ಕಾದಂಬರಿಯ ಉದ್ದ ಬೇಕಿಲ್ಲ, ನೋಡಿ. ಹಿಂದಿನ ಕಂತಿನ ನೆನಪು ಇಟ್ಟುಕೊಳ್ಳಲು ಅವಕಾಶವಿಲ್ಲದಾಗ, ಒಬ್ಬ ಮನುಷ್ಯನ ಇಡೀ ಭೂತಕಾಲವನ್ನು ಒಂದೇ ಕಂತಿಗೆ ತುಂಬುವುದನ್ನು ಇವರು ಕಲಿತರು.

ನಿಮ್ಮ ಮಗಳಿಗೆ ತಪ್ಪದೆ ಹೇಳಬೇಕಾದ ಇನ್ನೊಂದು ವಿಷಯವಿದೆ. ‘ಹಾರ್ಟ್ ಆಫ್ ಐಸ್’ನ ಚಲನೆಯ ಚಿತ್ರಗಳನ್ನು ಬರೆದದ್ದು ಸ್ಪೆಕ್ಟ್ರಮ್ ಎಂಬ ಜಪಾನೀ ಸ್ಟುಡಿಯೊ. ಎಂಬತ್ತರ ದಶಕದ ‘ಟ್ರಾನ್ಸ್‌ಫಾರ್ಮರ್ಸ್’ಗೆ ಕೆಲಸ ಮಾಡಿದವರಲ್ಲಿ ತೋಯೆ ಎಂಬ ಜಪಾನೀ ಸ್ಟುಡಿಯೊದವರು ಪ್ರಮುಖರು, ‘ಡ್ರ್ಯಾಗನ್ ಬಾಲ್’ ಮಾಡಿದವರೂ ಅವರೇ. ಒಂದೇ ದೇಶದ ಕೈಗಳು ಎರಡೂ ಬಗೆಯ ಕಥೆಗಳಿಗೆ ಚಿತ್ರ ಬರೆದಿವೆ.

ಜಪಾನಿನ ಧಾರಾವಾಹಿ ಪದ್ಧತಿಗೂ ಅದರದ್ದೇ ಶಾಪವಿದೆ. ಉದ್ದವಿದ್ದ ಮಾತ್ರಕ್ಕೆ ಆಳ ಬರುವುದಿಲ್ಲ. ಅನಿಮೆ ಮೂಲ ಮಾಂಗಾವನ್ನು ಹಿಂದೆ ಹಾಕಬಾರದೆಂದು ಕಥೆಯನ್ನು ಎಳೆಯುತ್ತಾರೆ. ‘ಡ್ರ್ಯಾಗನ್ ಬಾಲ್ ಝೆಡ್’ನಲ್ಲಿ ಗ್ರಹ ಐದು ನಿಮಿಷದಲ್ಲಿ ಸ್ಫೋಟವಾಗುತ್ತದೆ ಎಂದು ಖಳ ಫ್ರೀಝಾ ಹೇಳಿದ ಮೇಲೆ ಆ ಐದು ನಿಮಿಷ ಹಲವು ಕಂತುಗಳವರೆಗೆ ನಡೆಯುತ್ತದೆ. 220 ಕಂತುಗಳ ಮೊದಲ ‘ನರುಟೊ’ದಲ್ಲಿ ಕೊನೆಯ ಸುಮಾರು 80 ಕಂತುಗಳು ಮೂಲದಲ್ಲಿಲ್ಲದ ಭರ್ತಿ ಸರಕು, ಅಲ್ಲಿ ನಡೆದದ್ದು ಮುಂದಿನ ಕಥೆಗೆ ಗೊತ್ತೇ ಇರುವುದಿಲ್ಲ, ಥೇಟ್ ‘ಹೀ-ಮ್ಯಾನ್’ ಹಾಗೆ. ಕಣ್ಣೆದುರು ಕಾಣುತ್ತಿರುವುದನ್ನೇ ಪಾತ್ರ ಬಾಯಿಬಿಟ್ಟು ವರದಿ ಮಾಡುವ ಚಾಳಿಯಂತೂ ಅನೇಕ ಒಳ್ಳೆಯ ಸರಣಿಗಳಲ್ಲೂ ಇದೆ. ‘ಡೀಮನ್ ಸ್ಲೇಯರ್’ ಕಣ್ಣಿಗೆ ಹಬ್ಬ, ನನಗೂ ಪ್ರಿಯ. ಆದರೆ ಅದರಲ್ಲಿ ರಾಕ್ಷಸರು ಒಬ್ಬರಾದ ಮೇಲೊಬ್ಬರು ಸಾಯುವ ಹೊತ್ತಿಗೆ ಸರಿಯಾಗಿ ಬಾಲ್ಯದ ದುಃಖ ನೆನಪಾಗುತ್ತದೆ. ಮೊದಲ ಸಲ ಮನಸ್ಸು ಕಲಕುತ್ತದೆ, ಮತ್ತೆ ಮತ್ತೆ ಬಂದಾಗ ಅದೊಂದು ಅಭ್ಯಾಸವಾಗಿಬಿಡುತ್ತದೆ. ಬ್ಯಾಟ್‌ಮ್ಯಾನ್ ಕಥೆಯ ಮಿಸ್ಟರ್ ಫ್ರೀಜ್‌ನ ನೋವು ಅವನ ಪ್ರತಿ ಹೆಜ್ಜೆಯನ್ನೂ ನಡೆಸುತ್ತದೆ. ಅದು ಸಾಯುವ ಹೊತ್ತಿಗೆ ತೆರೆಯುವ ಟಿಪ್ಪಣಿಯಲ್ಲ.

ಇಷ್ಟಾದ ಮೇಲೂ ಯಾವುದಾದರೂ ಒಂದು ಸರಣಿ ನಿಮ್ಮ ಜಗಳವನ್ನು ಬಗೆಹರಿಸುವುದಿದ್ದರೆ ಅದು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಎಂಬ ಇಬ್ಬರು ಅಮೆರಿಕನ್ನರ ಕಲ್ಪನೆ; ಚಿತ್ರ ಬರೆದದ್ದು ದಕ್ಷಿಣ ಕೊರಿಯಾದ ಸ್ಟುಡಿಯೊಗಳು; ಬಂದದ್ದು ನಿಕಲೋಡಿಯನ್ ಎಂಬ ಮಕ್ಕಳ ವಾಹಿನಿಯಲ್ಲಿ, 2005ರಿಂದ 2008ರವರೆಗೆ. ಒಟ್ಟು 61 ಕಂತು, ಮೂರು ಭಾಗ, ಆದಿ ಮಧ್ಯ ಅಂತ್ಯ ಇರುವ ಒಂದೇ ಕಥೆ.

ಅದರ ಖಳನಾಗಿ ಬರುವ ರಾಜಕುಮಾರ ಜೂಕೊನ ಮುಖದ ಅರ್ಧಭಾಗ ಸುಟ್ಟಿದೆ. ಮೊದಲ ಭಾಗದ ನಡುವೆ ಅದರ ಕಾರಣ ತಿಳಿಯುತ್ತದೆ: ಹದಿಮೂರರ ಹುಡುಗ ಯುದ್ಧಸಭೆಯಲ್ಲಿ, ಹೊಸ ಸೈನಿಕರನ್ನು ಬಲಿಕೊಡುವ ಯೋಜನೆ ತಪ್ಪೆಂದು ಬಾಯಿಬಿಟ್ಟ. ಅದಕ್ಕೆ ಸ್ವಂತ ತಂದೆಯೇ ದ್ವಂದ್ವಯುದ್ಧಕ್ಕೆ ಕರೆದು, ಹೋರಾಡಲು ಒಪ್ಪದೆ ಮೊಣಕಾಲೂರಿದ ಮಗನ ಮುಖ ಸುಟ್ಟು ದೇಶಭ್ರಷ್ಟನನ್ನಾಗಿ ಮಾಡಿದ. ಇಲ್ಲಿಂದ ಮುಂದೆ ಹುಡುಗ ಒಳ್ಳೆಯವನಾಗುತ್ತಾನೆ ಎಂದು ನಾವು ಕಾಯುತ್ತೇವೆ. ಎರಡನೆಯ ಭಾಗದ ಕೊನೆಗೆ ಆ ಅವಕಾಶ ಬಂದೇ ಬರುತ್ತದೆ, ಅವನು ತಪ್ಪು ಪಕ್ಷವನ್ನೇ ಆರಿಸುತ್ತಾನೆ. ತನ್ನನ್ನು ಸಾಕಿ ಸಲಹಿದ ದೊಡ್ಡಪ್ಪ ಐರೊ ಸೆರೆಯಾಗುತ್ತಾನೆ. ಮೂರನೆಯ ಭಾಗದಲ್ಲಿ ಜೂಕೊಗೆ ಬಯಸಿದ್ದೆಲ್ಲ ಸಿಗುತ್ತದೆ, ಅರಮನೆ, ತಂದೆಯ ಮೆಚ್ಚುಗೆ, ಕಳೆದುಹೋದ ಮಾನ. ಅದರ ನಡುವೆ ಅವನು ಹಿಂಡಿಹೋಗುತ್ತಾನೆ. ಪಕ್ಷ ಬದಲಿಸಿದ ಮೇಲೂ ಹಳೆಯ ಶತ್ರುಗಳು ಅವನನ್ನು ಸುಲಭವಾಗಿ ನಂಬುವುದಿಲ್ಲ. ಕೊನೆಗೆ ಐರೊನ ಡೇರೆಗೆ ಬಂದು, ಅವನು ನಿದ್ದೆಯಿಂದ ಏಳುವವರೆಗೆ ಪಕ್ಕದಲ್ಲಿ ಕುಳಿತು ಕಾಯುತ್ತಾನೆ. ಕ್ಷಮಾಪಣೆಯ ಮಾತು ಪೂರ್ತಿಯಾಗುವ ಮೊದಲೇ ಐರೊ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ. ವಿನ್ರಿ ಕಟ್ಟಿದ ಪಟ್ಟಿಗೆ ಇರುವಷ್ಟೇ ತೂಕ ಈ ಅಪ್ಪುಗೆಗೂ ಇದೆ. ಕಾರಣವೂ ಅದೇ: ಕಥೆ ಏನನ್ನೂ ಮರೆತಿಲ್ಲ.

ಇಂಥವು ಅಮೆರಿಕದಲ್ಲಿ ಅಪರೂಪವಾಗಿ ಉಳಿದದ್ದು ಏಕೆಂಬುದಕ್ಕೆ ‘ಯಂಗ್ ಜಸ್ಟಿಸ್’ ಎಂಬ ಸರಣಿಯ ಗತಿ ನೋಡಿ. ಒಳ್ಳೆಯ ಧಾರಾವಾಹಿ ಕಥೆ, ನಿಷ್ಠಾವಂತ ನೋಡುಗರು, ಆದರೂ 2013ರಲ್ಲಿ ನಿಂತುಹೋಯಿತು. ಆಟಿಕೆಗಳು ಸಾಕಷ್ಟು ಮಾರಾಟವಾಗದೆ ಆ ಹಣ ನಿಂತದ್ದೇ ಕಾರಣ ಎಂದು ನಿರ್ಮಾಪಕ ಗ್ರೆಗ್ ವೈಸ್‌ಮನ್ ಹೇಳಿದ್ದಾರೆ. ಅದು ಮರಳಿ ಬಂದದ್ದು 2019ರಲ್ಲಿ, ಚಂದಾದಾರರ ಹಣದಿಂದ ನಡೆಯುವ ಆನ್‌ಲೈನ್ ವೇದಿಕೆಯ ಮೂಲಕ. ಅಂಥ ವೇದಿಕೆಗಳಲ್ಲಿ ಕಂತುಗಳ ಕ್ರಮ ತಪ್ಪುವ ಭಯವಿಲ್ಲ, ಬೊಂಬೆ ಮಾರುವ ಒತ್ತಡವೂ ಕಡಿಮೆ. 2021ರಲ್ಲಿ ‘ಆರ್ಕೇನ್’, ‘ಇನ್‌ವಿನ್ಸಿಬಲ್’ ಬಂದದ್ದು ಈ ದಾರಿಯಲ್ಲೇ. ಅಕ್ಕತಂಗಿಯರ ನಡುವಿನ ಒಂದು ಗಾಯವನ್ನು ‘ಆರ್ಕೇನ್’ ಹಿಂಬಾಲಿಸುವ ರೀತಿಯನ್ನು ನೋಡಿದವರು ಅಮೆರಿಕದ ಕಡೆಯಿಂದ ಹೊಡೆದಾಟ ಮಾತ್ರ ಬರುತ್ತದೆ ಎನ್ನಲಾರರು. ಅದರ ಚಿತ್ರಗಳು ಪ್ಯಾರಿಸ್ಸಿನ ಫೋರ್ಟಿಶ್ ಸ್ಟುಡಿಯೊದವು.

ಮಗಳ ಜೊತೆ ಕುಳಿತು ನೋಡುವುದಾದರೆ ‘ಹಾರ್ಟ್ ಆಫ್ ಐಸ್’ನಿಂದ ಶುರುಮಾಡಿ; ಒಂದು ಕಾಫಿಯ ಹೊತ್ತು ಸಾಕು, ಅವಳಿಗೆ ಹಿಂದುಮುಂದಿನ ಕಥೆ ತಿಳಿದಿರಬೇಕಾಗಿಲ್ಲ. ಆಮೇಲೆ ‘ಅವತಾರ್’. ಮೊದಲ ಹತ್ತು ಕಂತುಗಳಲ್ಲಿ ಕೆಲವು ತೀರಾ ಚಿಕ್ಕ ಮಕ್ಕಳಿಗೆಂದು ಬರೆದಂತಿವೆ, ಅಲ್ಲಿ ಅವಳು ಮುಖ ತಿರುಗಿಸಿದರೆ ಹನ್ನೆರಡನೆಯ ಕಂತು ‘ದಿ ಸ್ಟಾರ್ಮ್’ವರೆಗೆ ತಾಳಿಕೊಳ್ಳಲು ಹೇಳಿ. ನೀವು ಗುಂಡಮ್ ನೋಡಿ. 43 ಕಂತು ಹೆಚ್ಚೆನಿಸಿದರೆ ತೊಮಿನೊ 1981 ಮತ್ತು 1982ರಲ್ಲಿ ಅದನ್ನೇ ಸಂಕ್ಷೇಪಿಸಿ ಮಾಡಿದ ಮೂರು ಚಲನಚಿತ್ರಗಳಿವೆ. ತಾಯಿಯ ಪ್ರಸಂಗ ಮೊದಲನೆಯ ಚಿತ್ರದಲ್ಲೇ ಬರುತ್ತದೆ.